ಕಿಟಕಿ ಮಂಚದ ಸದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಕೋಲಾರದಲ್ಲಿ ನಾನು ಓದಿದ್ದು ಸಿಸ್ಟರುಗಳು ನಡೆಸುವ ಕಾನ್ವೆಂಟ್ ಶಾಲೆಯಲ್ಲಿ. ಬೆಕ್ಕು ಅಡ್ಡ ಬಂತು ಅಂತ ಯಾವಳಾದರೂ ಹುಡುಗಿ ಗೇಟಿನ ಹೊರಗೇ ನಿಂತರೆ ನಮ್ಮ ಹೆಡ್ ಸಿಸ್ಟರ್ ಬಯ್ಯುತ್ತಿರಲಿಲ್ಲ. ಆ ಬೆಕ್ಕನ್ನೇ ಎತ್ತಿಕೊಂಡು ಬಂದು ಅವಳ ಕೈಗೆ ಕೊಡುತ್ತಿದ್ದರು. ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದ ಮೇಲೆ, ಮಕ್ಕಳಿಗೆ ದೃಷ್ಟಿ ತೆಗೆಯಲು ಅತ್ತೆ ಉಪ್ಪು ಮೆಣಸಿನಕಾಯಿ ಕೇಳಿದರೆ ಎದುರು ಮಾತಾಡದೆ ತಂದುಕೊಡುತ್ತಿದ್ದೆ. ಮೆಣಸಿನಕಾಯಿ ಒಲೆಗೆ ಬಿದ್ದರೂ ಘಾಟು ಬರಲಿಲ್ಲ, ಎಂಥಾ ದೃಷ್ಟಿ ನೋಡು ಅಂತ ಅವರು ಗಾಬರಿಯಾದರೆ, ಅದು ಹೋದ ವರ್ಷದ ಮೆಣಸಿನಕಾಯಿ ಅತ್ತೆ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಮನೆಗೆ ಬಂದ ನೆಂಟರು ದೆವ್ವದ ವಿಷಯ ತೆಗೆದರೆ ಹಾಲು ಉಕ್ಕುತ್ತೆ ಅಂತ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವೂ ಎದ್ದು ಹಾಲು ನೋಡಲು ಹೋದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಸಿಕ್ಕಿತು ಅಂತಲೇ ಹೇಳಬೇಕು, ಸ್ನಾನ ಮಾಡುವಾಗ ಕೈಗೆ ಸೋಪಿನ ಚೂರು ಸಿಕ್ಕ ಹಾಗೆ. ಆಪರೇಷನ್ ಆಯಿತು. ಗಾಯ ಒಣಗಿದ ಮೇಲೆ ಕೀಮೋ ಅಂದರು, ಮೂರು ವಾರಕ್ಕೊಂದು ಸಲ. ಕೋಲಾರದ ಒಂದು ಆಸ್ಪತ್ರೆಗೆ ನಾನು, ನಮ್ಮ ಯಜಮಾನರು ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆವು. ಔಷಧಿ ಹತ್ತಿಸುವ ಕೋಣೆಗೆ ಜೊತೆಗೆ ಬಂದವರನ್ನು ಬಿಡುತ್ತಿರಲಿಲ್ಲ. ಅವರು ಹೊರಗೆ ವರಾಂಡದ ಬೆಂಚಿನ ಮೇಲೆ ಪೇಪರು ಓದುತ್ತಾ ಕೂರಬೇಕು, ನಾನು ಒಳಗೆ.

ಆ ಕೋಣೆಯಲ್ಲಿ ನನಗೆ ಒಳ್ಳೆಯದಾಗಲಿ ಅಂತಲೇ ಎಲ್ಲವೂ ನಡೆಯುತ್ತಿತ್ತು, ಆದರೆ ಅಲ್ಲಿದ್ದ ಒಂದೊಂದು ವಸ್ತುವೂ ನನಗೆ ಆಗದಂತೆ ನಿಂತಿತ್ತು. ಕೆಂಪು ಔಷಧಿಯನ್ನು ಸಿಸ್ಟರ್ ದಪ್ಪ ಸಿರಿಂಜಿನಲ್ಲಿ ಹಿಡಿದು ನಿಧಾನವಾಗಿ ಒತ್ತುತ್ತಿದ್ದರು. ಅವರ ಕೈಗೆ ಎರಡು ಜೊತೆ ಗ್ಲೌಸು, ಮೈಗೆ ಪ್ಲಾಸ್ಟಿಕ್ ಏಪ್ರನ್ನು. ಒಂದು ಹನಿ ಚರ್ಮದ ಮೇಲೆ ಬಿದ್ದರೂ ಸುಟ್ಟು ಹೋಗುತ್ತೆ ಅಂತ ಹೇಳುತ್ತಲೇ ಅದನ್ನು ನನ್ನ ನರದೊಳಗೆ ಬಿಡುತ್ತಿದ್ದರು. ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ರುಚಿ. ಊರಿಗೆ ಬಂದರೆ ಮಾವಿನ ಕಾಲ. ಮಂಡಿಗಳಲ್ಲಿ, ಟೆಂಪೋಗಳಲ್ಲಿ, ಪಕ್ಕದ ಮನೆಯವರ ಮಂಚದ ಕೆಳಗೆ ಎಲ್ಲೆಲ್ಲೂ ಹಣ್ಣು. ಹುಟ್ಟಿದಾಗಿನಿಂದ ಇಷ್ಟಪಟ್ಟಿದ್ದ ಆ ವಾಸನೆ ಬಾಗಿಲು ತೆಗೆದ ಕೂಡಲೇ ನನ್ನ ಕುತ್ತಿಗೆ ಹಿಡಿಯುತ್ತಿತ್ತು.

ಆ ಕೋಣೆಯಲ್ಲಿ ಕಿಟಕಿಗೆ ಅಂಟಿಕೊಂಡಂತೆ ಒಂದೇ ಮಂಚ. ಕಿಟಕಿಯಾಚೆ ಹೊಂಗೆ ಮರ. ಮೊದಲ ದಿನ ಸಿಸ್ಟರ್ ನನ್ನನ್ನು ಅಲ್ಲಿ ಮಲಗಿಸಿ ಸೂಜಿ ಹಾಕುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತರು. ಎರಡೂ ಕಡೆ ಮೂಗುಬೊಟ್ಟು, ತಲೆಗೆ ಗಂಡಸರ ಚೌಕುಳಿ ಟವೆಲ್ಲು, ಮೊಣಕೈವರೆಗೂ ಸರಿಸಿ ರಬ್ಬರ್ ಬ್ಯಾಂಡ್ ಹಾಕಿದ ಹಸಿರು ಗಾಜಿನ ಬಳೆ. ಬೆರಳ ತುದಿಗಳು ಮಾತ್ರ ಕಪ್ಪು.

"ಆ ಮಂಚ ನಂದು," ಅಂದರು.

"ಅಜ್ಜಿ, ಇಲ್ಲಿ ಮಂಚಕ್ಕೆ ಯಾರ ಹೆಸರೂ ಬರೆದಿಲ್ಲ. ಮೊದಲು ಬಂದೋರಿಗೆ ಮೊದಲು," ಅಂದರು ಸಿಸ್ಟರ್.

"ಆವನಿ ಕಡೆ ಬಸ್ಸಿನೋನು ನನಗೋಸ್ಕರ ಬೇಗ ಬಿಡ್ತಾನಾ?"

ಬೇಕಾದರೆ ನಾನು ಏಳುತ್ತೇನೆ ಅಂದೆ. ಸೂಜಿ ಹಾಕಿ ಆಗಿದೆ, ಅಲುಗಾಡಬೇಡಿ ಅಂತ ಸಿಸ್ಟರ್ ಗದರಿದರು. ನಾನು ಅಭ್ಯಾಸಬಲದಿಂದ "ಥ್ಯಾಂಕ್ಯೂ ಸಿಸ್ಟರ್" ಅಂದೆ. ಮುದುಕಿ ನನ್ನ ಮಂಚದ ಪಕ್ಕದಲ್ಲೇ ಹಾದು, ಬಚ್ಚಲಿನ ಬಾಗಿಲಿಗೆ ತಾಗಿದ್ದ ಮಂಚ ಹತ್ತಿ ಕೂತು, ಎಲ್ಲರಿಗೂ ಕೇಳುವ ಹಾಗೆ ಅಂದರು: "ಸೂಜಿ ಚುಚ್ಚಿದ್ರೂ ತ್ಯಾಂಕ್ಸು, ವಾಂತಿ ಬೇಸಿನ್ನು ಕೊಟ್ರೂ ತ್ಯಾಂಕ್ಸು. ಪ್ರಾಣ ತೆಗೆದ್ರೂ ಹೇಳ್ತಾಳೇನೋ ಈ ಕಾನ್ವೆಂಟು."

ಅವತ್ತಿನಿಂದ ನನ್ನ ಹೆಸರು ಕಾನ್ವೆಂಟು. ಅವರ ಹೆಸರು ಮುನಿಯಮ್ಮ ಅಂತ ಸಿಸ್ಟರ್ ಕರೆಯುವಾಗ ಗೊತ್ತಾಯಿತು. ಹೊಟ್ಟೆಯಲ್ಲಿ ಕಾಯಿಲೆಯಂತೆ. ನನಗೂ ಅವರಿಗೂ ಬರುವ ದಿನ ಒಂದೇ ಬಿದ್ದಿತ್ತು. ಬಂದ ಸಲವೆಲ್ಲ ಅವರು ಮೊದಲು ಕಿಟಕಿ ನೋಡುತ್ತಿದ್ದರು, ಆಮೇಲೆ ನನ್ನ ಮುಖ. ಆ ನೋಟದಲ್ಲಿ ಮಂಚದ ಜಗಳಕ್ಕಿಂತ ಜಾಸ್ತಿ ಏನೋ ಇತ್ತು. ನಾನು ಯಾರನ್ನೂ ದ್ವೇಷಿಸಿ ಅಭ್ಯಾಸವಿಲ್ಲದವಳು. ಆದರೂ ಆ ಟವೆಲ್ಲು ಬಾಗಿಲಲ್ಲಿ ಕಂಡರೆ ನನ್ನ ಹಲ್ಲು ತಾನಾಗೇ ಕಚ್ಚಿಕೊಳ್ಳುತ್ತಿತ್ತು.

ಸದ್ದು ಕೇಳಿದ್ದು ಮೊದಲ ದಿನವೇ. ಕೆಂಪು ಔಷಧಿ ಮುಗಿದು ನೀರಿನಂಥ ಬಾಟಲಿ ಹತ್ತಿಸಿದ್ದರು. ಕಣ್ಣು ಮುಚ್ಚಿದ್ದೆ. ಎಲೆಗಳ ಮೇಲೆ ತುಂತುರು ಬಿದ್ದ ಹಾಗೆ ಸದ್ದು ಶುರುವಾಯಿತು. ಜೋರಿಲ್ಲ, ಆದರೆ ಬಿಡುವೂ ಇಲ್ಲ. ಅಯ್ಯೋ, ಮಹಡಿ ಮೇಲೆ ಸಂಡಿಗೆ ಇದೆಯಲ್ಲ ಅಂತಲೇ ಮೊದಲು ಅನ್ನಿಸಿದ್ದು. ಕಣ್ಣು ಬಿಟ್ಟೆ. ಹೊರಗೆ ರಣರಣ ಬಿಸಿಲು, ಹೊಂಗೆಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಫ್ಯಾನಿನ ಸದ್ದು ಬೇರೆ ಇತ್ತು, ಅದು ನಾಲ್ಕು ಸುತ್ತಿಗೊಮ್ಮೆ ಕಟಕಟ ಅನ್ನುತ್ತಿತ್ತು. ಪಕ್ಕದವರ ಪ್ಲಾಸ್ಟಿಕ್ ಕವರೂ ಅಲ್ಲ. ಕಿವಿಯ ಒಳಗಿನದಿರಬಹುದು ಅಂತ ಖಾಲಿ ಇದ್ದ ಎಡಗೈಯಿಂದ ಆ ಕಡೆಯ ಕಿವಿ ಮುಚ್ಚಿ, ಇನ್ನೊಂದನ್ನು ದಿಂಬಿಗೆ ಒತ್ತಿದೆ. ಕಡಿಮೆಯಾಯಿತು. ಬಿಟ್ಟರೆ ಮತ್ತೆ ಬಂತು. ಒಳಗಿನದಾಗಿದ್ದರೆ ಮುಚ್ಚಿದಾಗ ಜಾಸ್ತಿಯಾಗಬೇಕಿತ್ತು, ಅಲ್ಲವೇ? ಬಾಟಲಿ ಮುಗಿದು ನಾನು ಮಂಚದಿಂದ ಇಳಿಯುವವರೆಗೂ ಅದು ಹಾಗೇ ಇತ್ತು. ಔಷಧಿಯ ಗುಣ ಅಂದುಕೊಂಡೆ. ಯಜಮಾನರಿಗೂ ಹೇಳಲಿಲ್ಲ. ಅವರಿಗೆ ಆಗಲೇ ಚಿಂತೆ ಸಾಕಷ್ಟಿತ್ತು.

ಎರಡನೇ ಸಲವೂ ಕಿಟಕಿ ಮಂಚ ನನಗೇ ಸಿಕ್ಕಿತು. ಸದ್ದೂ ಬಂತು. ನಾನು ಹೊಂಗೆ ಮರ ನೋಡುತ್ತಾ ಸುಮ್ಮನೆ ಮಲಗಿದ್ದೆ. ಬಚ್ಚಲ ಪಕ್ಕದಿಂದ ಮುನಿಯಮ್ಮನ ದನಿ ಎದ್ದಿತು.

"ಸಿಸ್ಟರಮ್ಮ, ಆ ಯಮ್ಮನ್ನ ಬೇರೆ ಎಲ್ಲಾನ ಹಾಕಿ. ಅವಳ ಮಂಚದತ್ರ ಹುಳ ಮೇಯ್ತಾ ಐತೆ. ನಂಗೆ ಕಣ್ಣು ಮುಚ್ಚೋಕಾಗ್ತಿಲ್ಲ."

ಕೋಣೆಯಲ್ಲಿ ಒಬ್ಬಿಬ್ಬರು ನಕ್ಕರು. ಸಿಸ್ಟರ್ ಹಾಸಿಗೆ ಎತ್ತಿ ನೋಡಿ, ಎಲ್ಲಿ ಅಜ್ಜಿ ಹುಳ, ದಿನಾ ಫಿನಾಯಿಲ್ ಹಾಕಿ ಒರೆಸ್ತೀವಿ ಅಂದರು. ನನಗೆ ನಗು ಬರಲಿಲ್ಲ. ಆ ಸದ್ದಿನ ವಿಷಯ ನಾನು ಒಬ್ಬರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

"ಏನು ಹುಳ ಅಜ್ಜಿ?" ಅಂತ ಕೇಳಿದೆ.

"ರೇಷ್ಮೆ ಹುಳ. ಇನ್ಯಾವ ಹುಳ? ನಾಲ್ಕನೇ ಜ್ವರ ಎದ್ದಿರೋ ಹುಳಕ್ಕೆ ಸೊಪ್ಪು ಹಾಕಿದ್ರೆ ಹಿಂಗೇ ಸದ್ದು. ನಮ್ಮತ್ತೆ ಮನೆಗೆ ಬಂದಾಗಿಂದ ಕೇಳಿದೀನಿ, ನಂಗೆ ಹೇಳ್ಕೊಡ್ತೀಯಾ?"

"ಇಲ್ಲಿ ಸೊಪ್ಪು ಎಲ್ಲಿದೆ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಲಗೈತಲ್ಲ," ಅಂದು ಗೋಡೆ ಕಡೆ ತಿರುಗಿದರು.

ರೇಷ್ಮೆ ಅಂದರೆ ನನಗೆ ಸೀರೆ ಅಷ್ಟೇ. ನಾನು ಹುಟ್ಟಿ ಬೆಳೆದದ್ದು ಪೇಟೆಯಲ್ಲಿ. ಸುತ್ತ ಹಳ್ಳಿಗಳಲ್ಲೆಲ್ಲ ಹುಳ ಸಾಕುತ್ತಾರೆ ಅಂತ ಗೊತ್ತಿತ್ತು, ಬಸ್ಸಿನ ಕಿಟಕಿಯಿಂದ ಹಿಪ್ಪುನೇರಳೆ ತೋಟ ನೋಡಿದ್ದೆ, ಹುಳ ಮನೆಯೊಳಗೆ ಯಾವತ್ತೂ ಕಾಲಿಟ್ಟವಳಲ್ಲ. ಅವತ್ತು ವರಾಂಡದಲ್ಲಿ ಮುನಿಯಮ್ಮನ ಸೊಸೆ ಸುಜಾತ ಸಿಕ್ಕಳು. ಒಳ್ಳೆ ಹುಡುಗಿ. ಅತ್ತೆಯ ಬಾಯಿಗೆ ಅವಳೇ ಸಂಕೋಚಪಟ್ಟುಕೊಂಡು, ತಪ್ಪು ತಿಳ್ಕೋಬೇಡಿ ಅಕ್ಕ, ಮೊದಲು ಹಿಂಗಿರಲಿಲ್ಲ ಅಂದಳು. ಪ್ರತಿ ಸಲವೂ ಹೊರಡುವಾಗ "ಬರ್ತೀನಿ ಅಕ್ಕ" ಅಂತ ಹೇಳದೆ ಹೋಗುತ್ತಿರಲಿಲ್ಲ. ಹುಳದ ವಿಷಯ ನಾನು ಕೇಳಿದ್ದಕ್ಕೆ ಖುಷಿಯಾಗಿ ಹೇಳಿದಳು. ಹುಳ ಸಾಯುವ ಮುಂಚೆ ಐದು ಸಲ ತಿನ್ನುವುದು ನಿಲ್ಲಿಸುತ್ತದಂತೆ. ಮೊದಲ ನಾಲ್ಕು ಸಲ ನಿಲ್ಲಿಸಿದರೆ ಅದಕ್ಕೆ ಜ್ವರ ಅಂತಾರೆ. ಮೈ ಬಿಸಿಯಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಹಾಗನ್ನುವುದು ವಾಡಿಕೆ. ಆಗ ಹುಳ ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದೆ, ಹಳೇ ಚರ್ಮ ಬಿಡುತ್ತದೆ, ಎದ್ದು ಮತ್ತೆ ಮೇಯುತ್ತದೆ. ಕೊನೇ ಸಲ ನಿಲ್ಲಿಸಿದರೆ ಹಣ್ಣಾಯಿತು ಅಂತ. ಆಮೇಲೆ ಅದು ಏನನ್ನೂ ತಿನ್ನುವುದಿಲ್ಲ. ತಲೆ ಆಡಿಸುತ್ತಾ ತನ್ನ ಸುತ್ತ ತಾನೇ ಗೂಡು ಕಟ್ಟಿಕೊಳ್ಳುತ್ತದೆ. ಗೂಡು ಮಾರ್ಕೆಟ್ಟಿಗೆ, ಅಲ್ಲಿಂದ ಬಿಸಿನೀರಿಗೆ.

"ಜ್ವರಕ್ಕೆ ಕೂತಿದೆಯೋ ಹಣ್ಣಾಗಿದೆಯೋ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದೆ.

"ಎತ್ತಿ ಬೆಳಕಿಗೆ ಹಿಡೀತೀವಿ ಅಕ್ಕ. ಹಣ್ಣಾಗಿದ್ರೆ ಮೈಯೆಲ್ಲ ಗಾಜಿನ ಥರ, ಆ ಕಡೆಯಿಂದ ಈ ಕಡೆಗೆ ಕಾಣ್ತದೆ. ನಮ್ಮತ್ತೆ ಮುಟ್ಟಿದ್ರೇ ಹೇಳ್ತಾರೆ."

ಆ ರಾತ್ರಿ ಯಜಮಾನರಿಗೆ ಹೇಳಿಬಿಟ್ಟೆ. ಅವರು ಕೋಪ ಮಾಡಿಕೊಂಡರು, ನನ್ನ ಮೇಲಲ್ಲ, ಆ ಮುದುಕಿಯ ಮೇಲೆ. ಕಾಯಿಲೆ ಬಿದ್ದವಳ ತಲೆಗೆ ಹುಳ ಬಿಡ್ತಾಳಲ್ಲ ಅಂದರು. ಆಮೇಲೆ ಅವರೇ ಒಂದು ಉಪಾಯ ಮಾಡಿದರು. ಹೋಳೂರಿನ ಹತ್ತಿರ ಅವರ ಆಫೀಸಿನವರೊಬ್ಬರ ಮನೆಯಲ್ಲಿ ಹುಳ ಸಾಕುತ್ತಾರೆ. "ಬಾ, ನಿಜವಾದ ಸದ್ದು ಒಂದ್ಸಲ ಕೇಳಿಸ್ಕೋ. ಬೇರೆ ಥರ ಇರುತ್ತೆ. ಅನುಮಾನ ಹೋಗುತ್ತೆ" ಅಂತ ಒಂದು ಭಾನುವಾರ ಕರೆದುಕೊಂಡು ಹೋದರು.

ನಮ್ಮನ್ನು ಒಳಗೆ ಬಿಡಲಿಲ್ಲ. ಆಸ್ಪತ್ರೆ ಸುತ್ತಿ ಬಂದವರನ್ನು ಹುಳ ಮನೆಗೆ ಬಿಡುವುದಿಲ್ಲ, ಬೇಜಾರು ಮಾಡ್ಕೋಬೇಡಿ ಅಂದರು. ಬಾಗಿಲಿಗೆ ಸೊಳ್ಳೆಪರದೆಯಂಥ ಬಲೆ, ಹೊಸ್ತಿಲಲ್ಲಿ ಸುಣ್ಣದ ಪುಡಿ. ಬಲೆಯ ಹೊರಗೆ ನಿಂತೆವು. ಒಳಗೆ ಆ ಮನೆಯ ಹೆಂಗಸು ಆಗಷ್ಟೇ ಸೊಪ್ಪು ಹರವಿ ಹಿಂದೆ ಸರಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ತುಂತುರು ಶುರುವಾಯಿತು.

ನಾನು ಯಜಮಾನರ ಷರ್ಟಿನ ತೋಳು ಹಿಡಿದುಕೊಂಡೆ. ಅವರು ನನ್ನ ಮುಖ ನೋಡಿದರು. ವಾಪಸು ಬರುವಾಗ ಬಸ್ಸಿನಲ್ಲಿ "ಚಿಕ್ಕಂದಿನಲ್ಲಿ ಎಲ್ಲೋ ಕೇಳಿರ್ತೀಯ, ಮರೆತಿದೀಯ" ಅಂದರು. ಇರಬಹುದು ಅಂದೆ. ನಾನು ಕೇಳಿರಲಿಲ್ಲ.

ಮೂರನೇ ಸಲ ಹೋಗುವುದಿಲ್ಲ ಅಂತ ಹಟ ಮಾಡಿದೆ. ಉಗುರು ಕಪ್ಪಾಗಿತ್ತು, ಬಲಗೈ ನರ ಕರೀ ದಾರದ ಹಾಗೆ ಗಟ್ಟಿಯಾಗಿತ್ತು. ಕಾಯಿಲೆಯಿಂದ ಸಾಯುವುದು ಬೇರೆ, ತಿನ್ನಿಸಿಕೊಂಡು ಸಾಯುವುದು ಬೇರೆ ಅಂತ ಏನೇನೋ ಮಾತಾಡಿದೆನಂತೆ. ಮಕ್ಕಳಿಬ್ಬರೂ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದರು. ಚಿಕ್ಕವಳು ಒಳಗೆ ಹೋಗಿ ನನ್ನ ಆಸ್ಪತ್ರೆ ಚೀಲ ತಂದು, ಅದರಲ್ಲಿ ನೀರಿನ ಬಾಟಲಿ ಇಟ್ಟು, ಜಿಪ್ಪು ಎಳೆದು ನನ್ನ ಕಾಲ ಹತ್ತಿರ ಇಟ್ಟಳು. ಹೋದೆ.

ಕಿಟಕಿ ಮಂಚ, ಕೆಂಪು ಔಷಧಿ, ಆಮೇಲೆ ನೀರಿನಂಥ ಬಾಟಲಿ. ಸದ್ದು ಬಂತು. ಈ ಸಲ ಹೊಂಗೆ ಮರ ನೋಡಲಿಲ್ಲ, ಮುನಿಯಮ್ಮನನ್ನೇ ನೋಡಿದೆ. ಅವರೂ ನನ್ನನ್ನು ನೋಡುತ್ತಿದ್ದರು. ಬಾಟಲಿ ಅರ್ಧವಾಗಿರಬೇಕು, ಸದ್ದು ನಿಂತುಹೋಯಿತು. ನಿಧಾನಕ್ಕೆ ಕಡಿಮೆಯಾಗಿ ಅಲ್ಲ, ನಲ್ಲಿ ತಿರುಗಿಸಿದ ಹಾಗೆ. ಫ್ಯಾನಿನ ಕಟಕಟ ಒಂದೇ ಉಳಿಯಿತು.

ಮುನಿಯಮ್ಮ ಎದ್ದು ಕೂತರು. ಬಾಟಲಿ ತೂಗುಹಾಕಿದ್ದ ಕಬ್ಬಿಣದ ಸ್ಟ್ಯಾಂಡು ತಳ್ಳಿಕೊಂಡು, ಅದರ ಒಂದು ಗಾಲಿ ಕಿರಗುಟ್ಟುತ್ತಾ, ನನ್ನ ಮಂಚದ ಹತ್ತಿರ ಬಂದರು. ಕೇಳಲಿಲ್ಲ, ಹೇಳಲಿಲ್ಲ, ನನ್ನ ಎಡಗೈ ಹಿಡಿದು ಎತ್ತಿದರು. ಆಪರೇಷನ್ ಆದ ಕಡೆಯ ಕೈ ಅದು, ನೆಟ್ಟಗೆ ಚಾಚಿ ಮೇಲೆತ್ತಲು ಆಗುತ್ತಿರಲಿಲ್ಲ. ನೋವಿನಿಂದ ನಾನು ಮುಲುಗಿದರೂ ಬಿಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಬೆರಳು ಬಿಡಿಸಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಸಂತೆಯಲ್ಲಿ ಬದನೆಕಾಯಿ ನೋಡುವಷ್ಟೂ ಮರ್ಯಾದೆ ಅದರಲ್ಲಿರಲಿಲ್ಲ. ಅವರ ಮೈಯಿಂದ ಸುಣ್ಣದ ವಾಸನೆ ಬರುತ್ತಿತ್ತು.

"ಏನು ಅಜ್ಜಿ?" ಅಂದೆ. ನನ್ನ ಬದುಕು ಸಾವು ಆ ಕಪ್ಪು ಬೆರಳುಗಳ ಮಧ್ಯೆ ಇದೆ ಅಂತ ಆ ಗಳಿಗೆಯಲ್ಲಿ ನಾನು ಪೂರ್ತಿ ನಂಬಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಡಾಕ್ಟರಿಗಿಂತ ಜಾಸ್ತಿ ನಂಬಿದ್ದೆ.

"ಜ್ವರಕ್ಕೆ ಕೂತೈತೆ," ಅಂದರು. "ಸಾಯಲ್ಲ ಬಿಡು ನೀನು."

ಕೈಯನ್ನು ಅಲ್ಲೇ ಬಿಟ್ಟರು. ಅದು ಮಂಚದ ಕಂಬಿಗೆ ಬಡಿಯಿತು. ಬೇಡದ ವಸ್ತು ಬಿಸಾಡಿದ ಹಾಗೆ. ತಿರುಗಿ ಹೋಗುತ್ತಾ, ನನಗಲ್ಲ, ಸ್ಟ್ಯಾಂಡಿಗೆ ಹೇಳಿದಂತೆ ಅಂದರು: "ಕೆಲವರಿಗೆ ಕಿಟಕೀನೂ ಸಿಗ್ತದೆ, ಇದೂ ಸಿಗ್ತದೆ."

ಮನೆಗೆ ಬಂದ ಮುಂದಿನ ವಾರ ನನ್ನ ಅಂಗೈ ಚರ್ಮ ಸುಲಿಯಲು ಶುರುವಾಯಿತು. ಮೊದಲು ಬೆರಳ ಬುಡದಲ್ಲಿ, ಆಮೇಲೆ ಪೂರ್ತಿ. ಒಂದು ಬೆಳಗ್ಗೆ ಹೆಬ್ಬೆರಳಿನದು ಗ್ಲೌಸಿನ ತುದಿಯ ಹಾಗೆ ಹಾಗೇ ಕಳಚಿ ಬಂತು. ಒಳಗೆ ಹೊಸ ಚರ್ಮ, ಗುಲಾಬಿ ಬಣ್ಣದ್ದು, ಚಿಕ್ಕ ಮಗುವಿನದರಂಥದ್ದು. ಈ ಔಷಧಿಗೆ ಕೆಲವರಿಗೆ ಹಾಗಾಗುತ್ತದೆ ಅಂತ ಡಾಕ್ಟರು ಮುಲಾಮು ಬರೆದುಕೊಟ್ಟರು. ಇರಲಿ. ಮುಲಾಮು ಹಚ್ಚುವಾಗಲೆಲ್ಲ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು, ಆ ಸಂತೋಷಕ್ಕೆ ಡಾಕ್ಟರು ಕಾರಣರಾಗಿರಲಿಲ್ಲ.

ನಾಲ್ಕನೇ ಸಲ ನಾನೇ ಸಿಸ್ಟರಿಗೆ ಹೇಳಿದೆ, ಕಿಟಕಿ ಮಂಚ ಮುನಿಯಮ್ಮನವರಿಗೆ ಇಟ್ಟಿರಿ, ನಾನು ಬಚ್ಚಲ ಹತ್ತಿರ ಮಲಗುತ್ತೇನೆ ಅಂತ. ಯಾಕೆ ಹೇಳಿದೆ ಅಂತ ನನ್ನನ್ನು ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಅವರು ಹೇಳಿದ ಒಂದು ಮಾತಿಗೆ ಪ್ರತಿಯಾಗಿ ಏನಾದರೂ ಕೊಡಬೇಕು ಅನ್ನಿಸಿದ್ದು ನಿಜ. ವಯಸ್ಸಾದವರು, ಮೊದಲ ದಿನದಿಂದ ಕೇಳುತ್ತಿದ್ದರು. ಆ ಮಂಚದಲ್ಲಿ ಮತ್ತೆ ಮಲಗಲು ನನಗೆ ಇಷ್ಟವಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಇವೆರಡರಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅಂತ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಮುನಿಯಮ್ಮ ಬಂದು ಕಿಟಕಿ ಮಂಚ ಖಾಲಿ ಇರುವುದನ್ನು ನೋಡಿ ಬಾಗಿಲಲ್ಲೇ ನಿಂತರು. ಇಳಿದುಹೋಗಿದ್ದರು, ಬಳೆಗಳಿಗೆ ರಬ್ಬರ್ ಬ್ಯಾಂಡು ಎರಡು ಸುತ್ತು ಬಂದಿತ್ತು.

"ಏನು, ಧರ್ಮಾನಾ?" ಅಂದರು.

"ನಿಮಗೆ ಗಾಳಿ ಬೇಕು ಅಂತೀರಲ್ಲ, ಅದಕ್ಕೆ."

"ನಾನು ಗಾಳಿ ಅಂದ್ನಾ? ಮಂಚ ಅಂದೆ." ಆದರೂ ಹೋಗಿ ಮಲಗಿದರು. ಹೊಂಗೆ ಮರದ ಕಡೆ ಮುಖ ಮಾಡಿಕೊಂಡು, ಏನೋ ಗೆದ್ದವರ ಹಾಗೆ ಟವೆಲ್ಲು ಬಿಚ್ಚಿ ಮಡಿಸಿ ತಲೆಯ ಕೆಳಗೆ ಇಟ್ಟುಕೊಂಡರು. ಅವರ ಬರಿದಲೆ ನಾನು ನೋಡಿದ್ದು ಅವತ್ತೇ ಮೊದಲು.

ನನ್ನ ಬಾಟಲಿ ಹತ್ತಿಸಿದರು, ಸದ್ದಿಲ್ಲ. ಎಷ್ಟು ಹಾಯೆನಿಸಿತೆಂದರೆ ಬಚ್ಚಲಿನ ವಾಸನೆಯೂ ಮೂಗಿಗೆ ಬರಲಿಲ್ಲ. ಅವರಿಗೂ ಹತ್ತಿಸಿದರು. ಸ್ವಲ್ಪ ಹೊತ್ತಿಗೆ ಕಿಟಕಿ ಕಡೆಯಿಂದ ಅದು ಬಂತು. ನನ್ನ ಹತ್ತಿರ ಇದ್ದಾಗ ಅದು ತುಂತುರು. ಇದು ಜಡಿಮಳೆ. ಮುನಿಯಮ್ಮ ಕಣ್ಣು ಮುಚ್ಚಿ ಆರಾಮಾಗಿ ಮಲಗಿದ್ದರು. ಅವರಿಗೆ ಕೇಳಿಸುತ್ತಿಲ್ಲ ಅಂದುಕೊಂಡೆ. ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೂತೆ. ಎಷ್ಟು ಹೊತ್ತೋ. ಆಮೇಲೆ ನಿಂತಿತು. ಅದೇ ಥರ, ನಲ್ಲಿ ತಿರುಗಿಸಿದ ಹಾಗೆ.

ನಾನು ಮಿಸುಕಾಡಲಿಲ್ಲ, ಉಸಿರೂ ಬಿಡಲಿಲ್ಲ ಅಂದುಕೊಂಡಿದ್ದೇನೆ. ಆದರೂ ಅವರು ಕಣ್ಣು ತೆರೆದು ನೇರ ನನ್ನನ್ನು ನೋಡಿದರು.

"ನಿಂತ್ಹೋಯ್ತಾ?"

ನಾನು ಬಾಯಿಂದ ಸೆರಗು ತೆಗೆದೆ.

"ಕೇಳ್ತಿರೋದು ನಿನ್ನೇ. ಬಾ ಇಲ್ಲಿ."

ಹೋದೆ. ನನ್ನ ಸ್ಟ್ಯಾಂಡಿಗೂ ಒಂದು ಗಾಲಿ ಕಿರಗುಟ್ಟುತ್ತಿತ್ತು. ಸಿಸ್ಟರ್ ಮೂಲೆಯಲ್ಲಿ ಯಾರಿಗೋ ವಾಂತಿಗೆ ಬೇಸಿನ್ನು ಹಿಡಿದಿದ್ದರು. ಮುನಿಯಮ್ಮ ಸೂಜಿಯಿಲ್ಲದ ಕೈಯನ್ನು ತಾವೇ ಎತ್ತಿ ಕಿಟಕಿಗೆ ಹಿಡಿದರು. "ನೋಡು," ಅಂದರು.

ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಸೇರಿಸುವುದಿಲ್ಲ. ಮಧ್ಯಾಹ್ನದ ಬೆಳಕು ಚೆನ್ನಾಗಿತ್ತು. ಆ ಕೈ ಹಳದಿ ತಿರುಗಿತ್ತು, ಜೇನು ತುಂಬಿದ ಗಾಜಿನ ಹಾಗೆ. ನಮ್ಮ ಕೈಯನ್ನು ದೀಪಕ್ಕೆ ಹಿಡಿದರೆ ಕೆಂಪು ಕಾಣುತ್ತದೆ, ಅದಲ್ಲ ಇದು. ಮೂಳೆಯ ನೆರಳು ಇರಲಿಲ್ಲ. ಹಸಿರು ಬಳೆಗಳ ಮುಂದಿನ ಅರ್ಧ ನನ್ನ ಕಡೆ ಇತ್ತು. ಹಿಂದಿನ ಅರ್ಧ ಕೈಯ ಮರೆಯಲ್ಲಿರಬೇಕಿತ್ತು. ಅದೂ ಕಾಣುತ್ತಿತ್ತು. ಕೈಯ ಮೂಲಕ ಬಳೆಯ ಪೂರ್ತಿ ಸುತ್ತು ಕಾಣುತ್ತಿತ್ತು, ಅದರಾಚೆ ಹೊಂಗೆ ಎಲೆ.

"ಏನ್ ಕಾಣ್ತು, ಹೇಳು ಕಾನ್ವೆಂಟು."

"ಜ್ವರಕ್ಕೆ ಕೂತಿದೆ ಅಜ್ಜಿ," ಅಂದೆ. "ಏಳ್ತೀರ."

ಅವರು ಕೈ ಇಳಿಸಿದರು. ನನ್ನ ಮುಖ ನೋಡುತ್ತಲೇ ಇದ್ದರು. ಬಯ್ಯುತ್ತಾರೆ ಅಂದುಕೊಂಡೆ. ಅವರ ದನಿ ಏರಲಿಲ್ಲ, ಇಳಿಯಿತು. "ಸುಳ್ಳು ಹೇಳೋಕೂ ಕಲಿಸ್ಲಿಲ್ಲ ನೋಡು ನಿಮ್ ಸ್ಕೂಲಲ್ಲಿ," ಅಂದರು. ಆಮೇಲೆ, ಬಿಸ್ಕತ್ತು ಯಾಕೆ ಕೊಟ್ಟೆ ಅಂತ ಮಗು ಕೇಳಿದ ಹಾಗೆ, ಬಹಳ ಸಲೀಸಾಗಿ ಕೇಳಿದರು:

"ಕಿಟಕಿ ಬಿಟ್ಟುಕೊಟ್ಟಿದ್ದು ಇದಕ್ಕೇನಾ?"

ಮಂಚದಲ್ಲಿದ್ದದ್ದನ್ನು ಅವರಿಗೆ ದಾಟಿಸಿದೆ ಅಂತ ಅವರ ಅರ್ಥ. ಕಾಯಿಲೆಯವರ ತಲೆಯ ಮೇಲಿಂದ ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಇಟ್ಟುಬರುತ್ತಾರೆ, ಯಾರು ದಾಟುತ್ತಾರೋ ಅವರಿಗೆ ಹೋಗುತ್ತದೆ. ಅದೇ ಥರ. ಇಲ್ಲ ಅಜ್ಜಿ ಅನ್ನಬೇಕು ಅಂತ ಬಾಯಿ ತೆರೆದೆ. ಸಿಸ್ಟರ್ ಬಂದು, ಯಾರು ನಿಮ್ಮನ್ನು ಮಂಚ ಇಳಿಯಲು ಹೇಳಿದ್ದು ಅಂತ ನನ್ನನ್ನು ತೋಳು ಹಿಡಿದು ಕರೆದುಕೊಂಡು ಹೋದರು. ಥ್ಯಾಂಕ್ಯೂ ಅನ್ನಲಿಲ್ಲ ನಾನು. ಮುನಿಯಮ್ಮ ಆಮೇಲೆ ನನ್ನ ಕಡೆ ತಿರುಗಲಿಲ್ಲ.

ಐದನೇ ಸಲ ಅವರು ಬರಲಿಲ್ಲ. ಆರನೇ ಸಲವೂ ಇಲ್ಲ. ಕೆಲವರು ಅರ್ಧಕ್ಕೇ ಬಿಟ್ಟುಬಿಡ್ತಾರೆ ಅಂದರು ಸಿಸ್ಟರ್. ಕಿಟಕಿ ಮಂಚದಲ್ಲಿ ಬೇರೆ ಯಾರೋ ಇದ್ದರು, ಆ ಕಡೆಯಿಂದ ಏನೂ ಕೇಳಲಿಲ್ಲ. ನನ್ನದು ಮುಗಿಯಿತು. ಸ್ಕ್ಯಾನಿನಲ್ಲಿ ಏನೂ ಉಳಿದಿಲ್ಲ ಅಂದರು. ಯಜಮಾನರು ಆಸ್ಪತ್ರೆ ಮೆಟ್ಟಿಲ ಮೇಲೇ ಕೂತು ಅತ್ತರು.

ಕೂದಲು ಒಂದು ಬೆರಳಷ್ಟು ಬಂದ ಮೇಲೆ ಒಂದು ದಿನ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಸುಜಾತ ಕಂಡಳು. ಗೂಡು ಮಾರ್ಕೆಟ್ಟಿಗೆ ಬಂದಿದ್ದಳು, ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ನಾನು ಪಕ್ಕಕ್ಕೆ ಸರಿದು ಜಾಗ ಕೊಟ್ಟೆ. ಕೂರಲಿಲ್ಲ. ನನ್ನ ತಲೆಯ ಮೇಲಿನ ಹೊಸ ಕೂದಲನ್ನೇ ನೋಡುತ್ತಾ ನಿಂತಿದ್ದಳು.

ಅತ್ತೆ ಹೇಗಿದ್ದಾರೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ, ಅವಳೇ ಹೇಳಿದಳು. ಅವತ್ತು ಮನೆಗೆ ಹೋದವರು ಮುದ್ದೆ ಬೇಡ ಅಂದರು, ಗಂಜಿ ಬೇಡ ಅಂದರು. ಬಾಯಿಗೆ ಹಿಡಿದ ನೀರನ್ನೂ ಉಗಿದರು. ಹುಳ ಮನೆಯ ಜಗಲಿಯ ಮೂಲೆಯಲ್ಲಿ ಹಾಸು ಅಂದರು. "ಅಲ್ಲಿ ಮಲಗಿಕೊಂಡು ಬರೀ ತಲೆ ಆಡಿಸ್ತಿದ್ರು. ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು. ಇಂಗ್ಲಿಷ್ ಎಂಟು ಬರೆದ ಹಾಗೆ. ನಮ್ಮನೆಯೋರು ತಲೆ ಹಿಡ್ಕೊಂಡ್ರೂ ನಿಲ್ತಿರಲಿಲ್ಲ. ಆಮೇಲೆ ನಿಂತ್ಹೋಯ್ತು." ಅವಳ ದನಿಯಲ್ಲಿ ಅಳು ಇರಲಿಲ್ಲ. "ನಿಮ್ಮನ್ನ ಒಂದು ಮಾತು ಕೇಳು ಅಂದಿದ್ರು. ಏನು ಕೇಳ್ಬೇಕು ಅಂತ ನಿಮಗೆ ಗೊತ್ತಂತೆ."

ಗೊತ್ತಿತ್ತು. ಇಲ್ಲ ಕಣೇ, ಅದಕ್ಕಲ್ಲ ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಾದಳು, ಇನ್ನೂ ಏನಾದರೂ ಹೇಳುತ್ತೇನೇನೋ ಅಂತ. ಮುಳಬಾಗಿಲಿನ ಬಸ್ಸು ಬಂತು. ಹತ್ತಿದಳು. "ಬರ್ತೀನಿ ಅಕ್ಕ" ಅನ್ನಲಿಲ್ಲ. ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಅನ್ನುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಹಾಗೆ ಹೋದಳು.

ಇಷ್ಟೇ ನಡೆದದ್ದು. ಔಷಧಿಯಿಂದ ಕಿವಿ ಕಣ್ಣು ಏನೇನೋ ಆಗುತ್ತವೆ, ಇಬ್ಬರಿಗೂ ಅದೇ ಔಷಧಿ ತಾನೇ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಇಬ್ಬರಿಗೂ ಬೇರೆ ಬೇರೆ ಔಷಧಿ ಅಂತ ನನಗೆ ಗೊತ್ತಿದೆ, ಬಾಟಲಿಯ ಮೇಲಿನ ಹೆಸರು ನಾನು ಓದಿದ್ದೆ. ಸದ್ದು ಕಾಯಿಲೆಯದೋ, ಔಷಧಿಯದೋ, ಆ ಮಂಚದ್ದೋ? ನನಗೆ ಬಂದದ್ದು ನನ್ನಲ್ಲೇ ಮುಗಿಯಿತೋ, ನಾನು ಎದ್ದ ಜಾಗದಲ್ಲಿ ಕಾದು ಕೂತಿತ್ತೋ? ಕಾನ್ವೆಂಟಿನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ, ಅತ್ತೆಯ ಮೆಣಸಿನಕಾಯಿಯಲ್ಲೂ ನನಗೆ ಸಿಗಲಿಲ್ಲ.

ಈಗ ಆರೋಗ್ಯವಾಗಿದ್ದೇನೆ. ಮಾವಿನ ವಾಸನೆ ಮತ್ತೆ ಹಿತವಾಗಿದೆ. ಕೈಯನ್ನು ಮಾತ್ರ ಬೆಳಕಿಗೆ ಅಡ್ಡ ಹಿಡಿಯುವುದಿಲ್ಲ, ಬಳೆ ಕೊಳ್ಳುವಾಗಲೂ ಅಂಗಡಿಯ ಒಳಗಡೆಯ ಸ್ಟೂಲಿನಲ್ಲಿ ಕೂರುತ್ತೇನೆ. ಇನ್ನೊಂದು ಅಭ್ಯಾಸ ಅಂಟಿಕೊಂಡಿದೆ. ತುಂತುರಿನ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಹೋಗಿ ಕೈ ಚಾಚುತ್ತೇನೆ. ಮಕ್ಕಳು ನಗುತ್ತಾರೆ, ಅಮ್ಮನಿಗೆ ಮಳೆ ಅಂದರೆ ಅಷ್ಟು ಇಷ್ಟ ಅಂತ. ಅಂಗೈ ಒದ್ದೆಯಾಗುವವರೆಗೂ ನಿಂತಿರುತ್ತೇನೆ. ಇಲ್ಲಿಯವರೆಗೆ ಪ್ರತಿ ಸಲವೂ ಒದ್ದೆಯಾಗಿದೆ.